ಕಚ್ಚುವ ನಾಯಿಯನ್ನು ಬಿಟ್ಟುಬರುವ ಮೊದಲು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಬೆಳಿಗ್ಗೆ ಸಾಗರಕ್ಕೆ ಹೊರಟಿದ್ದಾಗ, ಆಯನೂರು ದಾಟಿದ ಮೇಲೆ ಮೈಲಿಗಲ್ಲಿಗೆ ಕಟ್ಟಿಹಾಕಿದ್ದ ಒಂದು ನಾಯಿಯನ್ನು ಕಂಡೆ. ಕೊರಳಲ್ಲಿ ಒಳ್ಳೆಯ ಚರ್ಮದ ಪಟ್ಟಿ, ಮುಂದೆ ಸ್ಟೀಲಿನ ಬಟ್ಟಲು, ಅದರ ತುಂಬ ಮೊಸರನ್ನ. ಬಿಟ್ಟುಹೋದವರಿಗೆ ಅದರ ಮೇಲೆ ಪ್ರೀತಿ ಇತ್ತೆಂದು ಆ ಮೊಸರನ್ನ ನೋಡಿಯೇ ತಿಳಿಯಿತು. ಹತ್ತಿರ ಹೋದರೆ ಹಲ್ಲು ಕಿರಿದು ಗುರುಗುಟ್ಟಿತು. ಯಾಕೆ ಬಿಟ್ಟರೆಂಬುದೂ ತಿಳಿಯಿತು. ಎರಡು ವರ್ಷದ ಹಿಂದೆ ಇದೇ ಕೆಲಸಕ್ಕೆ ನಾನೂ ಆಟೊ ಗೊತ್ತು ಮಾಡಿದ್ದೆ. ಅದಕ್ಕೇ ಈ ಪತ್ರ.

2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ಮುಧೋಳ ನಾಯಿಯನ್ನು ಹೊಗಳಿದ ಮೇಲೆ ನನ್ನ ಮಗ ಒಂದು ಮರಿ ತಂದ. ವರ್ಷದೊಳಗೆ ಕೆಲಸ ಸಿಕ್ಕಿ ಪುಣೆಗೆ ಹೋದ. ಓಡುವುದಕ್ಕೆಂದೇ ತಲೆಮಾರುಗಳಿಂದ ಬೆಳೆಸಿದ ಬೇಟೆನಾಯಿ, ಸಣ್ಣ ನಿವೇಶನದ ಮನೆಯಲ್ಲಿ ನನ್ನ ಜೊತೆ ಉಳಿಯಿತು. ಹಗಲೆಲ್ಲ ಸರಪಳಿ. ನಾನು ಚಪ್ಪಲಿ ಮೆಟ್ಟಿದರೆ ಸಾಕು, ಊಳಿಡುತ್ತಿತ್ತು. ಬಾಗಿಲ ಚೌಕಟ್ಟನ್ನು ಕೆರೆದು ಉಗುರಲ್ಲಿ ರಕ್ತ ಬರಿಸಿಕೊಳ್ಳುತ್ತಿತ್ತು. ಅಕ್ಕಪಕ್ಕದವರು ಮಾತು ಬಿಟ್ಟರು.

ಆಗ ಒಬ್ಬ ತರಬೇತುದಾರರನ್ನು ಕರೆಸಿದೆ. ಎಂಟು ಸಾವಿರ ರೂಪಾಯಿ ಮುಂಗಡ ಪಡೆದರು. ಗುರುಗುಟ್ಟಿದಾಗಲೆಲ್ಲ ಕೊರಳ ಸರಪಳಿಯನ್ನು ಬಿಗಿದು ಮುಂಗಾಲು ನೆಲ ಬಿಡುವಂತೆ ಎತ್ತುತ್ತಿದ್ದರು. ‘ಯಜಮಾನ ಯಾರೆಂದು ಅದಕ್ಕೆ ಗೊತ್ತಾಗಬೇಕು’ ಎಂದರು. ಮೂರು ವಾರದಲ್ಲಿ ನಾಯಿ ಗುರುಗುಟ್ಟುವುದನ್ನು ನಿಲ್ಲಿಸಿತು. ನಾನು ನಂಬಿ ನೆಮ್ಮದಿಪಟ್ಟೆ. ನಾಲ್ಕನೆಯ ವಾರ, ಮನೆಗೆಲಸಕ್ಕೆ ಬರುವ ನಮ್ಮ ಅಕ್ಕ ಅದರ ತಲೆ ಸವರಿದಾಗ, ಸದ್ದಿಲ್ಲದೆ ಕೈ ಕಚ್ಚಿತು. ಲಸಿಕೆ ಹಾಕಿಸಿದ ನಾಯಿಯೇ ಆದರೂ ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸೋಪಿನಿಂದ ಹದಿನೈದು ನಿಮಿಷ ತೊಳೆದು, ಆಸ್ಪತ್ರೆಗೆ ಕರೆದೊಯ್ದು ರೇಬೀಸ್ ಚುಚ್ಚುಮದ್ದು ಕೊಡಿಸಿದೆ. ಆಟೊ ಗೊತ್ತು ಮಾಡಿದ್ದು ಆ ಸಂಜೆ.

ಆಟೊದವರೇ ತಡೆದರು. ‘ಟೀಚರ್, ಒಮ್ಮೆ ಡಾಕ್ಟರಿಗೆ ತೋರಿಸಿ’ ಎಂದರು. ಅವರ ಋಣ ದೊಡ್ಡದು.

ಪಶುವೈದ್ಯೆ ಮುಕ್ಕಾಲು ಗಂಟೆ ಬರೀ ಪ್ರಶ್ನೆ ಕೇಳಿದರು. ಯಾವಾಗ ಕಚ್ಚಿತು, ಎಲ್ಲಿ ಮುಟ್ಟಿದಾಗ, ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ಹೇಗೆ ಮಲಗುತ್ತದೆ. ಆಮೇಲೆ ಬಾಯಿಗೆ ಕುಕ್ಕೆ ಹಾಕಿ ಕಿವಿಯೊಳಗೆ ನೋಡಿದರು. ಎರಡೂ ಕಿವಿಯಲ್ಲಿ ಸೋಂಕು, ಒಂದರಲ್ಲಿ ಕೀವು. ತಿಂಗಳುಗಟ್ಟಲೆ ನೋಯುತ್ತಿದ್ದ ಕಿವಿಯ ಮೇಲೆ ನಾವೆಲ್ಲ ಪ್ರೀತಿಯಿಂದ ಕೈ ಆಡಿಸುತ್ತಿದ್ದೆವು! ಗುರುಗುಟ್ಟುವುದು ನಾಯಿಗೆ ಇರುವ ಒಂದೇ ಮಾತು, ‘ಬೇಡ’ ಎನ್ನುವ ಮಾತು. ಆ ಮಾತನ್ನು ಹೊಡೆದು ಕಸಿದುಕೊಂಡರೆ ಅದಕ್ಕೆ ಉಳಿಯುವುದು ಹಲ್ಲು ಮಾತ್ರ ಎಂದು ಅವರು ಬಿಡಿಸಿ ಹೇಳಿದರು. ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು. ಬೋರ್ಡಿನ ಮೇಲಿನ ಲೆಕ್ಕವನ್ನು ಬರೆದುಕೊಳ್ಳಲಿಲ್ಲವೆಂದು ಒಬ್ಬ ಹುಡುಗನಿಗೆ ಬೆತ್ತದಲ್ಲಿ ಹೊಡೆದು, ಅವನಿಗೆ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲವೆಂದು ಆಮೇಲೆ ತಿಳಿದು ಅತ್ತವಳು. ಅದೇ ತಪ್ಪನ್ನು ಮತ್ತೆ ಮಾಡಿದ್ದೆ.

ಕಿವಿ ಮೂರು ವಾರದಲ್ಲಿ ವಾಸಿಯಾಯಿತು. ಒಂಟಿತನದ ಭಯ ಹೋಗಲು ಏಳು ತಿಂಗಳು ಬೇಕಾಯಿತು. ಚಪ್ಪಲಿ ಮೆಟ್ಟಿ ಮತ್ತೆ ಕುಳಿತುಕೊಳ್ಳುವುದು, ಕೀಲಿಕೈ ಹಿಡಿದು ಅಡುಗೆಮನೆಗೆ ಹೋಗುವುದು, ಒಂದು ನಿಮಿಷ ಹೊರಗೆ ನಿಂತು ಒಳಗೆ ಬರುವುದು, ನಂತರ ಎರಡು, ನಂತರ ಐದು. ಮೊಬೈಲ್‌ನಲ್ಲಿ ಚಿತ್ರೀಕರಿಸಿ ವೈದ್ಯೆಗೆ ತೋರಿಸುತ್ತಿದ್ದೆ. ಬೆಳಿಗ್ಗೆ ಗೆಳತಿಯ ತೋಟದಲ್ಲಿ ಉದ್ದ ಹಗ್ಗ ಕಟ್ಟಿ ಓಟ. ಕೆಲವು ತಿಂಗಳು ಮಾತ್ರೆಯೂ ಇತ್ತು, ವೈದ್ಯರೇ ಬರೆದುಕೊಟ್ಟಿದ್ದು. ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನು ಯಾರೂ ಪ್ರಾಣಿಗಳಿಗೆ ಕೊಡಬೇಡಿ. ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ಇಂದಿಗೂ ಮಕ್ಕಳು ಬಂದರೆ ನಮ್ಮ ನಾಯಿಗೆ ಕುಕ್ಕೆ ಹಾಕಿ ಬೇರೆ ಕೋಣೆಯಲ್ಲಿ ಇಡುತ್ತೇನೆ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಆದರೆ ಅದು ನಿದ್ದೆ ಮಾಡುತ್ತಿದೆ, ನಾನೂ ಮಾಡುತ್ತಿದ್ದೇನೆ. ಕಚ್ಚಿಸಿಕೊಂಡ ಅಕ್ಕನೇ ಈಗ ಅದಕ್ಕೆ ಊಟ ಹಾಕುತ್ತಾರೆ.

ನಮ್ಮ ರಾಜ್ಯದಲ್ಲಿ ಬೀದರ್, ಬೆಂಗಳೂರು, ಹಾಸನ, ಗದಗ, ನಮ್ಮ ಶಿವಮೊಗ್ಗ, ಹೀಗೆ ಹಲವು ಕಡೆ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯೂ ಜಿಲ್ಲಾ ಪಶು ಆಸ್ಪತ್ರೆಗಳಲ್ಲಿಯೂ ವಾರಕ್ಕೊಂದು ದಿನ ಸಾಕುಪ್ರಾಣಿಗಳ ವರ್ತನೆಯ ತೊಂದರೆಗಳಿಗೆಂದೇ ಮೀಸಲಿಡಬೇಕೆಂದು ಪಶುಸಂಗೋಪನಾ ಇಲಾಖೆಯನ್ನು ಕೋರುತ್ತೇನೆ. ನಾಯಿ ತರಬೇತಿಯ ಬೋರ್ಡು ಹಾಕಿಕೊಳ್ಳುವವರ ಅರ್ಹತೆ, ವಿಧಾನ ಎರಡನ್ನೂ ಸರ್ಕಾರ ಪರಿಶೀಲಿಸಲಿ. ಪ್ರಾಣಿಯನ್ನು ಹೊಡೆದು ಹಿಂಸಿಸುವುದು, ಕಾರಣವಿಲ್ಲದೆ ಬಿಟ್ಟುಹೋಗುವುದು ಎರಡೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಪರಾಧ. ಆದರೆ ದಿಕ್ಕು ತೋಚದೆ ಬಿಟ್ಟವರಿಗೆ ಕಾನೂನಿಗಿಂತ ಮೊದಲು ಒಂದು ವಿಳಾಸ ಬೇಕು, ಕೇಳಿಸಿಕೊಳ್ಳುವ ವೈದ್ಯರು ಬೇಕು.

ಮೈಲಿಗಲ್ಲಿನ ಆ ನಾಯಿಯನ್ನು ಹತ್ತಿರದ ಚಹಾ ಅಂಗಡಿಯವರ ನೆರವಿನಿಂದ ಕರೆತಂದಿದ್ದೇನೆ. ಗೆಳತಿಯ ತೋಟದ ಶೆಡ್ಡಿನಲ್ಲಿದೆ. ಸೋಮವಾರ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಯಾವ ಹೆಸರಿನಿಂದ ಕರೆದರೂ ತಿರುಗಿ ನೋಡುತ್ತಿಲ್ಲ. ಬಿಟ್ಟುಹೋದವರು ಇದನ್ನು ಓದಿದರೆ, ನಿಮ್ಮ ಮೇಲೆ ನನಗೆ ಕೋಪವಿಲ್ಲ, ಪತ್ರಿಕೆಯ ಮೂಲಕವೇ ಅದರ ಹೆಸರನ್ನು ತಿಳಿಸಿ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ