ತಲೆ ತಿರುಗುತ್ತದೆಂದು ಬದುಕನ್ನು ಸಣ್ಣದು ಮಾಡಿಕೊಳ್ಳಬೇಡ

ನೀರ್ಚಾಲು

ಪ್ರೀತಿಯ ಪುಟ್ಟಿ,

ನಿನ್ನಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಸ್ಕೂಟರು ಜಗಲಿಯ ಬದಿಗೇ ನಿಂತಿದೆಯಂತೆ. ನೀನು ಪಾಠ ಮಾಡುವ ಶಾಲೆಗೆ ರಜೆಯ ಮೇಲೆ ರಜೆ. ಮಧೂರಿನ ದೇವಸ್ಥಾನಕ್ಕೆ ಕರೆದರೂ ಹೋಗಲಿಲ್ಲ, ಪಕ್ಕದ ಮನೆಯ ಮದುವೆಗೂ ಹೋಗಲಿಲ್ಲ. "ನೋಡಿದರೆ ಚೆನ್ನಾಗಿಯೇ ಇದ್ದಾಳೆ" ಎಂದು ಅವಳು ಹೇಳುವಾಗ ಅದರಲ್ಲಿ ಅನುಮಾನ ಇರಲಿಲ್ಲ, ದಿಗಿಲಿತ್ತು. ಆದರೆ ಆ ಮಾತು ನಿನ್ನ ಕಿವಿಗೆ ಹೇಗೆ ಕೇಳಿಸಿರಬಹುದು ಎಂದು ನನಗೆ ಗೊತ್ತು.

ನನಗೂ ಈ ತಲೆಸುತ್ತು ಬಂದಿತ್ತು. ಬೆಳಗಿನ ಜಾವ ಬಲಕ್ಕೆ ಮಗ್ಗುಲಾದೆ ನೋಡು, ಮಾಡಿನ ಪಕ್ಕಾಸುಗಳೆಲ್ಲ ಒಟ್ಟಿಗೆ ಗರಗರ ತಿರುಗಿದವು. ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅರ್ಧ ನಿಮಿಷದೊಳಗೆ ಎಲ್ಲ ನಿಂತಿತು. ಹೆದರಿಕೆ ಮಾತ್ರ ನಿಲ್ಲಲಿಲ್ಲ. ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟುವುದು ಬಿಟ್ಟೆ. ಅಟ್ಟದ ಕಡೆಗೆ ಕತ್ತೆತ್ತುವುದು ಬಿಟ್ಟೆ. ಬಗ್ಗಿ ಅಡಿಕೆ ಹೆಕ್ಕುವುದು, ಬಸ್ಸು ಹತ್ತುವುದು, ರಾತ್ರಿ ಯಕ್ಷಗಾನದ ಆಟ ನೋಡಲು ಹೋಗುವುದು, ಒಂದೊಂದಾಗಿ ಎಲ್ಲವೂ ಹೋಯಿತು. ತಲೆ ತಿರುಗುತ್ತಿದ್ದುದು ದಿನಕ್ಕೆ ಎರಡು ಮೂರು ನಿಮಿಷವೂ ಇರಲಿಕ್ಕಿಲ್ಲ. ಅದರ ಭಯಕ್ಕೆ ಇಡೀ ದಿನ ಬೇಕಿತ್ತು. ಸುತ್ತಲಿನವರು ಗ್ಯಾಸ್ ಎಂದರು, ಪಿತ್ತ ಎಂದರು, ಟೆನ್ಷನ್ ಎಂದರು. ಯಾರ ಮೇಲೂ ಸಿಟ್ಟಿಲ್ಲ. ಕಣ್ಣಿಗೆ ಕಾಣದ ನೋವನ್ನು ಜನ ನಂಬುವುದು ನಿಧಾನ.

ಅದಕ್ಕೇ ಮೊದಲು ಇದನ್ನು ತಿಳಿದುಕೋ: ಇದು ನಿನ್ನ ಕಲ್ಪನೆಯಲ್ಲ. ಒಳಕಿವಿಯಲ್ಲಿ ಕೇಳಿಸುವ ಭಾಗದ ಪಕ್ಕದಲ್ಲೇ ಸಮತೋಲದ ಭಾಗ ಇದೆ. ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳು, ಮೇಸ್ತ್ರಿಯ ರಸಮಟ್ಟದ ಹಾಗೆ, ತಲೆ ಯಾವ ಕಡೆ ತಿರುಗಿತು ಎಂದು ಮೆದುಳಿಗೆ ಹೇಳುತ್ತಿರುತ್ತವೆ. ಅವುಗಳ ಬುಡದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳುಗಳಿವೆ. ಅವು ಕಳಚಿ ನಾಳದೊಳಗೆ ಸೇರಿದರೆ, ನೀನು ಮಗ್ಗುಲಾದಾಗ ದ್ರವವನ್ನು ಸುಮ್ನೆ ಕದಡುತ್ತವೆ. ತಲೆ ನಿಂತರೂ ಕಿವಿ ಇನ್ನೂ ತಿರುಗುತ್ತಿದೆ ಎನ್ನುತ್ತದೆ, ಕಣ್ಣು ಇಲ್ಲ ಎನ್ನುತ್ತದೆ. ಆ ಜಗಳವೇ ತಲೆಸುತ್ತು. ಬಿಪಿಪಿವಿ ಎಂದು ಡಾಕ್ಟರುಗಳು ಕರೆಯುವುದು ಇದನ್ನೇ. ಒಳಕಿವಿಯ ಈ ಭಾಗದ ಮೇಲೆ ಮಾಡಿದ ಕೆಲಸಕ್ಕೆ ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ಡಾಕ್ಟರಿಗೆ 1914ರ ನೊಬೆಲ್ ಬಂದಿದೆ. ಕಿವಿಗೆ ತಣ್ಣೀರು ಹಾಯಿಸಿದರೆ ಕಣ್ಣು ಒಂದು ದಿಕ್ಕಿಗೂ ಬಿಸಿನೀರು ಹಾಯಿಸಿದರೆ ಇನ್ನೊಂದು ದಿಕ್ಕಿಗೂ ಅದುರುವುದನ್ನು ಅವರು ಗಮನಿಸಿದ್ದರು. ಇನ್ನು ಯಾರಾದರೂ "ಮನಸ್ಸಿನದ್ದು" ಎಂದರೆ ಧೈರ್ಯವಾಗಿ ಉತ್ತರ ಕೊಡು.

ಮಗ್ಗುಲಾದಾಗ, ಬೋರ್ಡಿನ ಮೇಲ್ತುದಿಗೆ ಕತ್ತೆತ್ತಿದಾಗ, ಕೆಲವೇ ಸೆಕೆಂಡು. ನಿನ್ನಮ್ಮ ಹೇಳಿದ್ದು ಕೇಳಿದರೆ ಇದೇ ಇರಬಹುದು ಅನ್ನಿಸುತ್ತದೆ. ಆದರೆ ನಾನು ಡಾಕ್ಟರಲ್ಲ. ಮೆನಿಯರ್ ಕಾಯಿಲೆಯಾದರೆ ಗಂಟೆಗಟ್ಟಲೆ ಸುತ್ತುತ್ತದೆ, ಕಿವಿ ಕಟ್ಟಿದಂತಾಗಿ ಗುಂಯ್‌ಗುಡುತ್ತದೆ, ಕೇಳುವುದೂ ಕಡಿಮೆಯಾಗುತ್ತದೆ. ಸಮತೋಲದ ನರಕ್ಕೆ ಉರಿಯೂತವಾದರೆ ದಿನಗಟ್ಟಲೆ ವಾಂತಿ. ಮೈಗ್ರೇನಿನಿಂದಲೂ ಬರುತ್ತದೆ. ಒಂದೊಂದಕ್ಕೂ ಮದ್ದು ಬೇರೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ ಕಾಯಬೇಡ. ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು, ಅದು ಮೆದುಳಿನ ಆಘಾತ, ಅಂದರೆ ಸ್ಟ್ರೋಕ್, ಇರಬಹುದು.

ಹರಳಿನದ್ದೇ ಆದರೆ ಮಾತ್ರೆಗಿಂತ ಕೈಯ ಕೆಲಸ ಜಾಸ್ತಿ. ಡಾಕ್ಟರು ನನ್ನ ತಲೆಯನ್ನು ಬಲಕ್ಕೆ ತಿರುಗಿಸಿ, ಬೆಂಚಿನ ತುದಿಯಿಂದ ಸ್ವಲ್ಪ ಕೆಳಗಿಳಿಯುವ ಹಾಗೆ ಬೇಗನೆ ಮಲಗಿಸಿದರು. ಮತ್ತೆ ಅದೇ ಗರಗರ. ಅವರು ನೋಡುತ್ತಿದ್ದುದು ನನ್ನ ಕಣ್ಣನ್ನು. ಅದುರುವುದು ನಿಂತ ಮೇಲೆ ಮೆಲ್ಲ ಎಡಕ್ಕೆ ತಿರುಗಿಸಿದರು, ಆಮೇಲೆ ಮೈಯನ್ನೂ ಹೊರಳಿಸಿ ಮುಖ ನೆಲದ ಕಡೆಗೆ, ಕೊನೆಗೆ ಎಬ್ಬಿಸಿ ಕೂರಿಸಿದರು. ಹರಳನ್ನು ಬಂದ ದಾರಿಯಲ್ಲೇ ಹಿಂದೆ ಕಳಿಸುವ ಉಪಾಯ ಅದು, ಎಪ್ಲಿ ವಿಧಾನ ಅನ್ನುತ್ತಾರೆ. ಯಾವ ಕಿವಿ, ಯಾವ ನಾಳ ಎಂದು ಗೊತ್ತಾಗುವ ಮೊದಲು ಮೊಬೈಲಿನ ವಿಡಿಯೋ ನೋಡಿ ಒಬ್ಬಳೇ ಮಾಡಬೇಡ. ವಾಸಿಯಾದ ಮೇಲೂ ಕೆಲವರಿಗೆ ಮತ್ತೆ ಬರುತ್ತದೆ. ಬಂದರೆ ಮತ್ತೆ ಮಾಡಿಸಿಕೊಂಡರಾಯಿತು.

ಮೆಡಿಕಲಿನಿಂದ ತರಿಸಿದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದೀಯಂತೆ. ಅದೊಂದು ನನಗೆ ಇಷ್ಟವಾಗಲಿಲ್ಲ. ತಲೆಸುತ್ತನ್ನು ಅದುಮಿಡುವ ಮಾತ್ರೆಗಳು ಒಂದೆರಡು ದಿನದ ವಾಂತಿಗೆ ಸರಿ. ಜಾಸ್ತಿ ದಿನ ತೆಗೆದುಕೊಂಡರೆ ಮಂಪರು, ಮೇಲಿಂದ ಮೆದುಳು ತಾನೇ ಸಮತೋಲ ಕಲಿಯುವುದೂ ತಡವಾಗುತ್ತದೆ. ಯಾವುದು ಬಿಡಬೇಕು, ಹೇಗೆ ಬಿಡಬೇಕು ಎಂದು ಡಾಕ್ಟರನ್ನೇ ಕೇಳು. ಅಲುಗಾಡದೆ ಮಲಗಿರುವುದೂ ಹಾಗೆಯೇ. ಕತ್ತು ಬಿಗಿಹಿಡಿದು ಕೂತಷ್ಟೂ ಭಯ ಬೇರೂರುತ್ತದೆ. ಮೊದಲು ಅಂಗಳ, ಆಮೇಲೆ ಗೇಟು, ಆಮೇಲೆ ಬಸ್‌ಸ್ಟಾಪು, ಹೀಗೆ ನಡೆ.

ತಲೆಸುತ್ತು ನಿಲ್ಲುವವರೆಗೆ ಸ್ಕೂಟರು ಬೇಡ, ಸ್ಟೂಲು ಹತ್ತುವುದು ಬೇಡ, ಬಚ್ಚಲಿನಲ್ಲಿ ಎಣ್ಣೆ ಬಿದ್ದ ಕಡೆ ಜಾಗ್ರತೆ. ಎದ್ದ ಕೂಡಲೇ ನಿಲ್ಲಬೇಡ, ಮಂಚದ ಮೇಲೆ ಸ್ವಲ್ಪ ಹೊತ್ತು ಕೂತಿರು. ಹೆಡ್‌ಮಾಸ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಬೋರ್ಡಿನ ಕೆಳಗಿನ ಅರ್ಧದಲ್ಲಿ ಬರೆದು ಪಾಠ ಮಾಡಿದರೆ ಮಕ್ಕಳೇನೂ ಬೇಡ ಅನ್ನುವುದಿಲ್ಲ. ನಿನ್ನಮ್ಮನಿಗೂ ಈ ಪತ್ರ ಓದಿಸು.

ಬರುವ ಶನಿವಾರ ಮಂಗಳೂರಿಗೆ ಕಿವಿಯ ಡಾಕ್ಟರಲ್ಲಿಗೆ ಹೋಗೋಣ, ನಾನೂ ಬರುತ್ತೇನೆ. ಯಾವಾಗ ಸುತ್ತುತ್ತದೆ, ಎಷ್ಟು ಹೊತ್ತು, ಯಾವ ಮಗ್ಗುಲಿಗೆ ಎಂದು ಅಷ್ಟರೊಳಗೆ ಒಂದು ಹಾಳೆಯಲ್ಲಿ ಬರೆದಿಡು. ನುಂಗುತ್ತಿರುವ ಮಾತ್ರೆಯ ಚೀಟಿಯನ್ನೂ ತಾ.

ನಿನ್ನ ದೊಡ್ಡತ್ತೆ