ಮನೆಯಿಂದ ಕೆಲಸ ಮಾಡುವವರ ಗ್ರೀನ್ ಕಾರ್ಡ್‌ಗೆ ನಿಯಮ ಬರೆಯಿರಿ: ಅಮೆರಿಕದ ಕಾರ್ಮಿಕ ಕಾರ್ಯದರ್ಶಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಕಾರ್ಯದರ್ಶಿಗಳೇ,

ನಾನು ಎಚ್-1ಬಿ, ಅಂದರೆ ಪರಿಣತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ವೀಸಾದಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ಕಂಪನಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ನಾನಿರುವುದು ಒಹಾಯೊದಲ್ಲಿ. ಇದು ರಿಮೋಟ್ ಕೆಲಸ ಅಂತ ಆಫರ್ ಲೆಟರ್‌ನಲ್ಲೇ ಇತ್ತು. ಇಷ್ಟು ದಿನ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಅನುಮತಿ) ಮಾತು ಬಂದಾಗ ಕಂಪನಿಯ ವಕೀಲರು ಮೊದಲು ಕೇಳಿದ್ದು, ಈ ಕೆಲಸ ಇರುವುದು ಯಾವ ಊರಿನಲ್ಲಿ ಅಂತ. ಅದಕ್ಕೆ ನಿಮ್ಮ ಇಲಾಖೆಯ ನಿಯಮದಲ್ಲಿ ನೇರ ಉತ್ತರ ಇಲ್ಲ. ಅದಕ್ಕೇ ಈ ಪತ್ರ.

ಕಂಪನಿ ಮೂಲಕ ಗ್ರೀನ್ ಕಾರ್ಡ್‌ಗೆ ಹೋಗುವ ನಮ್ಮಲ್ಲಿ ಬಹಳಷ್ಟು ಜನ ಮೊದಲು ದಾಟಬೇಕಾದದ್ದು ಪರ್ಮ್, ಅಂದರೆ ನಿಮ್ಮ ಇಲಾಖೆ ಕೊಡುವ ಕಾರ್ಮಿಕ ಪ್ರಮಾಣಪತ್ರ. ಈ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲ, ನಮ್ಮನ್ನು ಇಟ್ಟುಕೊಂಡರೆ ಇಲ್ಲಿನವರ ಸಂಬಳಕ್ಕೆ ಪೆಟ್ಟು ಬೀಳುವುದಿಲ್ಲ ಅಂತ ಕಂಪನಿ ತೋರಿಸಬೇಕು. ಈ ಉದ್ದೇಶ ಸರಿಯಾಗಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 2005ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಪ್ರತಿ ಹೆಜ್ಜೆಯೂ ಒಂದು ವಿಳಾಸಕ್ಕೆ ಅಂಟಿಕೊಂಡಿದೆ. ಕನಿಷ್ಠ ಇಷ್ಟು ಸಂಬಳ ಕೊಡಬೇಕು ಅಂತ ನಿಮ್ಮ ಇಲಾಖೆ ಹೇಳುವುದು ಕೆಲಸದ ಊರನ್ನು ನೋಡಿ. ಆ ಊರಿನ ಪತ್ರಿಕೆಯಲ್ಲಿ ಎರಡು ಭಾನುವಾರ ಜಾಹೀರಾತು ಹಾಕಬೇಕು. ಆ ರಾಜ್ಯದ ಉದ್ಯೋಗ ಏಜೆನ್ಸಿಯಲ್ಲಿ 30 ದಿನ ಹುದ್ದೆ ಪ್ರಕಟವಾಗಿರಬೇಕು. ಕೆಲಸ ನಡೆಯುವ ಜಾಗದ ಗೋಡೆಯ ಮೇಲೆ ಸತತ 10 ಕೆಲಸದ ದಿನ ನೋಟಿಸ್ ಇರಬೇಕು.

ನನ್ನ ಕೆಲಸ ನಡೆಯುವ ಜಾಗ ನನ್ನ ಮನೆಯ ಒಂದು ಕೋಣೆ. ಆ ಗೋಡೆಯ ಮೇಲೆ ನೋಟಿಸ್ ಅಂಟಿಸಿದರೆ ಓದುವವರು ನಾನು, ನನ್ನ ಹೆಂಡತಿ, ಮಕ್ಕಳು. ಕ್ಯಾಲಿಫೋರ್ನಿಯಾದ ಆಫೀಸಿನಲ್ಲಿ ಅಂಟಿಸೋಣ ಅಂದರೆ ನಮ್ಮ ತಂಡದವರು ಯಾರೂ ಅಲ್ಲಿಗೆ ಹೋಗುವುದೇ ಇಲ್ಲ. ಆ ನೋಟಿಸ್ ಇರುವುದು ಯಾಕೆ? ಸಹೋದ್ಯೋಗಿಗಳು ಅದನ್ನು ನೋಡಲಿ, ಅರ್ಜಿಯಲ್ಲಿ ಏನಾದರೂ ಸುಳ್ಳಿದ್ದರೆ ದಾಖಲೆ ಸಮೇತ ನಿಮ್ಮ ಅಧಿಕಾರಿಗೆ ತಿಳಿಸಲಿ ಅಂತ ಅಲ್ವಾ? ಯಾರೂ ನೋಡದ ಗೋಡೆಯಿಂದ ಅದು ಹೇಗೆ ಸಾಧ್ಯ? ಎಚ್-1ಬಿ ಅರ್ಜಿಯ ನೋಟಿಸನ್ನು ಕಂಪ್ಯೂಟರ್ ಮೂಲಕ ಕೊಡಬಹುದು ಅಂತ ನಿಮ್ಮ ಇಲಾಖೆಯೇ ಒಪ್ಪಿದೆ, ಅದನ್ನು ಹೇಗೆ ಮಾಡಬೇಕು ಅಂತ 2019ರಲ್ಲಿ ಸೂಚನೆಯನ್ನೂ ಹೊರಡಿಸಿದೆ. ಅದೇ ಮನುಷ್ಯ, ಅದೇ ಕುರ್ಚಿ, ಅದೇ ಕೆಲಸ. ಪರ್ಮ್‌ಗೆ ಬಂದಾಗ ಮಾತ್ರ ಮತ್ತೆ ಗೋಡೆಯೇ ಬೇಕು.

ಕೆಲಸದ ಊರು ಯಾವುದು ಅನ್ನುವ ಪ್ರಶ್ನೆಗೆ ವಕೀಲರು ಇವತ್ತಿಗೂ ಕೈಗೆತ್ತಿಕೊಳ್ಳುವುದು 1994ರ ಒಂದು ಇಲಾಖಾ ಮೆಮೊ, ಅದನ್ನು ಹೊರಡಿಸಿದ ಅಧಿಕಾರಿಯ ಹೆಸರಿನಿಂದ ಅವರ ಬಾಯಲ್ಲಿ ಅದು ಫಾರ್ಮರ್ ಮೆಮೊ. ಮುಂದೆ ಎಲ್ಲೆಲ್ಲಿ ಕೆಲಸ ಮಾಡಬೇಕಾಗುತ್ತದೋ ಮೊದಲೇ ಹೇಳಲಾಗದಿದ್ದರೆ ಕಂಪನಿಯ ಮುಖ್ಯ ಕಚೇರಿಯನ್ನೇ ಕೆಲಸದ ಜಾಗ ಅಂತ ತೋರಿಸಿ ಅಂತ ಅದು ಹೇಳುತ್ತದೆ. ಅದನ್ನು ಬರೆದದ್ದು ಗ್ರಾಹಕರಿಂದ ಗ್ರಾಹಕರಿಗೆ ಓಡಾಡುವ ಉದ್ಯೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಎಷ್ಟು ಅನ್ವಯಿಸುತ್ತದೆ? ಒಬ್ಬ ವಕೀಲರು ಮುಖ್ಯ ಕಚೇರಿ ಸಾಕು ಅನ್ನುತ್ತಾರೆ. ಇನ್ನೊಬ್ಬರು ಮನೆ ವಿಳಾಸವೇ ಹಾಕಬೇಕು ಅನ್ನುತ್ತಾರೆ. ಮೂರನೆಯವರು ಈ ರಿಸ್ಕೇ ಬೇಡ, ಉದ್ಯೋಗಿಯನ್ನು ಆಫೀಸಿನ ಹತ್ತಿರಕ್ಕೆ ಕರೆಸಿ ಅಂತಾರೆ. ನಮ್ಮ ಕಂಪನಿಗೆ ಸಿಕ್ಕಿದ್ದು ಈ ಮೂರನೆಯ ಸಲಹೆ.

ಕಂಪನಿಗಳ ಭಯ ನನಗೆ ಅರ್ಥವಾಗುತ್ತದೆ. 2007ರ ಜುಲೈನಿಂದ, ಪರ್ಮ್ ಅರ್ಜಿ ಹಾಕಿದ ಮೇಲೆ ಅದನ್ನು ತಿದ್ದುವ ಹಾಗಿಲ್ಲ. ಜಾಹೀರಾತಿನಲ್ಲಿ ಒಂದು, ಫಾರ್ಮ್‌ನಲ್ಲಿ ಇನ್ನೊಂದು ಅಂತ ಕಂಡರೆ ತಿರಸ್ಕಾರವಾಗಬಹುದು. ಕೆಲಸಕ್ಕೆ ಬರುವವರು ಎಲ್ಲಿ ವಾಸಿಸಬೇಕಾಗಬಹುದು ಅನ್ನುವುದು ಜಾಹೀರಾತಿನಿಂದ ತಿಳಿಯಬೇಕು ಅಂತ ನಿಯಮ ಹೇಳುತ್ತದೆ. ಎಲ್ಲಿ ಬೇಕಾದರೂ ವಾಸಿಸಬಹುದು ಅನ್ನುವುದೇ ಉತ್ತರವಾದರೆ ಅದನ್ನು ಯಾವ ಪದಗಳಲ್ಲಿ ಬರೆಯಬೇಕು, ಯಾವ ಊರಿನ ಪತ್ರಿಕೆಯಲ್ಲಿ ಹಾಕಬೇಕು? ಅದನ್ನು ನೀವೇ ಹೇಳಬೇಕು.

ಇದರಲ್ಲಿ ಅಮೆರಿಕನ್ನರಿಗೂ ನಷ್ಟ ಇದೆ. ಇದನ್ನು ದಯವಿಟ್ಟು ಗಮನಿಸಿ. ರಿಮೋಟ್ ಕೆಲಸವನ್ನು ಕಾನ್ಸಾಸ್‌ನ ಹಳ್ಳಿಯಲ್ಲಿರುವ ಎಂಜಿನಿಯರ್ ಕೂಡ ಮಾಡಬಹುದು. ಜಾಹೀರಾತು ಸ್ಯಾನ್ ಹೊಸೆಯ ಭಾನುವಾರದ ಪತ್ರಿಕೆಯಲ್ಲಿ ಬಂದರೆ ಆಕೆಗೆ ಗೊತ್ತಾಗುವುದಾದರೂ ಹೇಗೆ? ಪರ್ಮ್ ಹುದ್ದೆಗಳನ್ನು ಮಾಮೂಲಿ ನೇಮಕಾತಿ ವೆಬ್‌ಸೈಟ್‌ನಲ್ಲಿ ಹಾಕದೆ, ಅರ್ಜಿ ಅಂಚೆಯಲ್ಲೇ ಕಳಿಸಿ ಅಂದರು ಅನ್ನುವ ಆರೋಪದ ಮೇಲೆ ಫೇಸ್‌ಬುಕ್ 2021ರಲ್ಲಿ, ಆಪಲ್ 2023ರಲ್ಲಿ ನ್ಯಾಯ ಇಲಾಖೆಯೊಂದಿಗೆ ರಾಜಿ ಮಾಡಿಕೊಂಡವು. ಆಪಲ್ ಒಪ್ಪಿಕೊಂಡ ಮೊತ್ತ 2.5 ಕೋಟಿ ಡಾಲರ್‌ವರೆಗೆ. ಹೀಗಿರುವಾಗ ಇಡೀ ದೇಶಕ್ಕೆ ತೆರೆದಿರುವ ಕೆಲಸವನ್ನು ಒಂದು ಊರಿನ ಪತ್ರಿಕೆಯಲ್ಲಿ ಹಾಕಿದರೆ ಸಾಕು ಅನ್ನುವ ನಿಯಮ ಯಾರನ್ನು ಕಾಪಾಡುತ್ತಿದೆ? ರಿಮೋಟ್ ಹುದ್ದೆಗಳನ್ನು ದೇಶದ ಎಲ್ಲರೂ ನೋಡುವ ಕಡೆ ಪ್ರಕಟಿಸಿ ಅಂತ ಕಡ್ಡಾಯ ಮಾಡಿ. ಸ್ಪರ್ಧೆ ಜಾಸ್ತಿ ಆಗುತ್ತದೆ, ನನ್ನಂಥವರಿಗೆ ಕಷ್ಟವೂ ಆಗಬಹುದು. ಆಗಲಿ. ನಿಯಮ ಏನು ಅನ್ನುವುದು ಗೊತ್ತಿದ್ದರೆ ಅದನ್ನು ಎದುರಿಸಬಹುದು.

ಆಫೀಸಿನ ಹತ್ತಿರಕ್ಕೆ ಹೋಗಿಬಿಡಿ ಅಂತ ಸುಮ್ನೆ ಹೇಳಿಬಿಡಬಹುದು. ನನ್ನ ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ. ಹೋದರೂ ಅಲ್ಲಿಗೇ ಮುಗಿಯುವುದಿಲ್ಲ. ಪರ್ಮ್ ಒಪ್ಪಿಗೆ ಸಿಗುವುದು ಆ ಊರಿಗೆ ಮತ್ತು ಅಲ್ಲಿಂದ ದಿನವೂ ಓಡಾಡಬಹುದಾದ ದೂರಕ್ಕೆ. ಕಂಪನಿ ಆ ಆಫೀಸನ್ನು ಬೇರೆ ರಾಜ್ಯಕ್ಕೆ ಸಾಗಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಬಹುದು. ಈಗಿನ ವೇಗದಲ್ಲಿ ಸಂಬಳ ನಿಗದಿ, ಜಾಹೀರಾತು, ಪರಿಶೀಲನೆ ಎಲ್ಲ ಸೇರಿದರೆ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಎಚ್-1ಬಿಗೆ ಇರುವುದು 6 ವರ್ಷದ ಮಿತಿ. ಅದರಾಚೆ ಉಳಿಯಬೇಕಾದರೆ ಪರ್ಮ್ ಅರ್ಜಿ ಹಾಕಿ 365 ದಿನ ಆಗಿರಬೇಕು, ಇಲ್ಲವೇ ಮುಂದಿನ ಹಂತದ ಐ-140, ಅಂದರೆ ಉದ್ಯೋಗಿಗಾಗಿ ಕಂಪನಿ ಹಾಕುವ ವಲಸೆ ಅರ್ಜಿ, ಮಂಜೂರಾಗಿರಬೇಕು. ಯಾವ ಊರು ಅಂತ ತೀರ್ಮಾನವಾಗದೆ ಅರ್ಜಿ ಮುಂದೂಡುತ್ತಾ ಹೋದರೆ, ಐದನೇ ವರ್ಷದಲ್ಲಿರುವ ಕುಟುಂಬ ಗಂಟು ಮೂಟೆ ಕಟ್ಟಬೇಕಾಗುತ್ತದೆ. ಇಂಥ ಒಂದು ಮನೆಯವರ ಜೊತೆ ಕಳೆದ ವಾರ ಮಾತಾಡಿದೆ. ಮಕ್ಕಳಿಗೆ ಇನ್ನೂ ಹೇಳಿಲ್ಲವಂತೆ.

ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ, ಭಾರತೀಯರ ಉದ್ದದ ಸರದಿ, ಇವೆಲ್ಲ ಸಂಸತ್ತಿನ ಕೈಯಲ್ಲಿವೆ ಅನ್ನುವುದು ಗೊತ್ತಿದೆ. ಆ ಸರದಿ ದಾಟಿಸಿ ಅಂತ ನಿಮ್ಮನ್ನು ಕೇಳುತ್ತಿಲ್ಲ. ಆದರೆ ಆ ಸರದಿಯಲ್ಲಿ ನಮ್ಮ ಜಾಗ ಗುರುತಾಗುವುದು ಪರ್ಮ್ ಅರ್ಜಿ ಹಾಕಿದ ದಿನದಿಂದ. ಅರ್ಜಿ ತಡವಾದಷ್ಟೂ ನಾವು ಹಿಂದೆ ಬೀಳುತ್ತೇವೆ. ನಿಮ್ಮ ಇಲಾಖೆಯ ಮೌನಕ್ಕೆ ನಾವು ತೆರುತ್ತಿರುವ ಬೆಲೆ ಇದು.

ಇದಕ್ಕೆ ಸಂಸತ್ತಿನಲ್ಲಿ ಹೊಸ ಕಾನೂನು ಬೇಕಿಲ್ಲ. ಪೂರ್ತಿ ರಿಮೋಟ್ ಕೆಲಸದ ಜಾಗ ಯಾವುದು, ಸಂಬಳ ಯಾವ ಊರಿನ ಲೆಕ್ಕದಲ್ಲಿ, ನೋಟಿಸನ್ನು ಕಂಪ್ಯೂಟರ್ ಮೂಲಕ ಕೊಡಬಹುದೇ, ಅರ್ಜಿ ಹಾಕಿದ ಮೇಲೆ ಉದ್ಯೋಗಿ ಮನೆ ಬದಲಿಸಿದರೆ ಏನಾಗುತ್ತದೆ, ಇಷ್ಟನ್ನು ನಿಯಮದಲ್ಲೇ ಬರೆಯಿರಿ. ಕರಡನ್ನು ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳಿ. ಅಲ್ಲಿಯವರೆಗೆ, ಪ್ರಶ್ನೋತ್ತರದ ರೂಪದಲ್ಲಾದರೂ ಒಂದು ಲಿಖಿತ ಸೂಚನೆಯನ್ನು ಈ ವರ್ಷವೇ ಹೊರಡಿಸಿ. ನಮ್ಮ ವಕೀಲರು ಅದಕ್ಕಾಗಿ ಕಾಯುತ್ತಿದ್ದಾರೆ.

ಇಂತಿ,
ಒಹಾಯೊದಿಂದ ಒಬ್ಬ ಎಚ್-1ಬಿ ಉದ್ಯೋಗಿ