ರವಿವಾರದ ಪೊವಾಯಿ ಕೆರೆ ಬಸವನಹುಳು ಸರ್ವೆ: ಬರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ರವಿವಾರ ಬೆಳಿಗ್ಗೆ 7ಕ್ಕೆ ಮುಂಬೈನ ಪೊವಾಯಿ ಕೆರೆಯ ದಂಡೆಯಲ್ಲಿ ಸೇರೋಣ. ಲೋಕಲ್‌ನಲ್ಲಿ ಬರೋರು ಕಾಂಜೂರ್‌ಮಾರ್ಗದಲ್ಲಿ ಇಳಿದು ಆಟೋ ಹಿಡಿಯಿರಿ.

ಮೊದಲೇ ಹೇಳಿಬಿಡ್ತೀನಿ, ನೀರಿಗೆ ಯಾರೂ ಇಳಿಯಬಾರದು. ಪೊವಾಯಿಯಲ್ಲಿ ಮೊಸಳೆಗಳಿವೆ, ತಮಾಷೆಯಲ್ಲ. ಉದ್ದ ಹಿಡಿಯ ಬಲೆಯಿಂದ ದಡದ ಜಲಕಳೆ ಎಳೆದು, ಟ್ರೇಗೆ ಹಾಕಿ, ಬೇರುಗಳನ್ನು ಬಿಡಿಸಿ ನೋಡಿ. ಚಿಕ್ಕ ಬಸವನಹುಳುಗಳೆಲ್ಲ ಅಲ್ಲೇ ಅಂಟಿಕೊಂಡಿರುತ್ತವೆ.

ಹೊರಗಿನಿಂದ ಬಂದ ಫೈಸಾ ಅನ್ನೋ ಬಸವನಹುಳುವನ್ನು ಗುರುತಿಸೋದು ಸುಲಭ. ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಬಾಯಿ ಎಡಕ್ಕಿದ್ದರೆ ಫೈಸಾ, ಬಲಕ್ಕಿದ್ದರೆ ಬಹುಶಃ ನಮ್ಮ ಲಿಮ್ನಿಯಾ. ದೊಡ್ಡವುಗಳಲ್ಲೇ ಗೊಂದಲ ಜಾಸ್ತಿ. ದಕ್ಷಿಣ ಅಮೆರಿಕದ ಪೊಮೇಸಿಯಾ, ಅಂದರೆ ಅಕ್ವೇರಿಯಂ ಅಂಗಡಿಯ ಆ್ಯಪಲ್ ಸ್ನೇಲ್, ನೋಡೋಕೆ ನಮ್ಮ ಪೈಲಾದಂತೆಯೇ. ಬಾಯಿಯ ಮುಚ್ಚಳ ನೋಡಿ: ಪೈಲಾದ್ದು ಸುಣ್ಣದ್ದು, ಗಟ್ಟಿ, ಪೊಮೇಸಿಯಾದ್ದು ಉಗುರಿನಂತೆ ತೆಳು. ಮೊಟ್ಟೆಯೂ ಸುಳಿವು ಕೊಡುತ್ತೆ. ಪೈಲಾ ಒದ್ದೆ ಮಣ್ಣಿನಲ್ಲಿ ಬಿಳಿ ಮೊಟ್ಟೆ ಇಡುತ್ತೆ. ಪೊಮೇಸಿಯಾ ನೀರಿಗಿಂತ ಮೇಲೆ ಕಾಂಡಕ್ಕೋ ಗೋಡೆಗೋ ಗೊಂಚಲು ಅಂಟಿಸುತ್ತೆ. ಅಂಥದ್ದು ಕಂಡರೆ ಕೀಳಬೇಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಲೊಕೇಶನ್ ಸಮೇತ ಇಲ್ಲಿ ಹಾಕಿ.

ಗ್ಲೌಸ್ ಕಡ್ಡಾಯ. ಕೆಲವು ಬಸವನಹುಳುಗಳಿಂದ ಹೊರಬರುವ ಪರಾವಲಂಬಿ ಮರಿಗಳು ಚರ್ಮಕ್ಕೆ ಹೊಕ್ಕರೆ ತುರಿಕೆ ಏಳುತ್ತೆ. ಒಂದೂ ಸಿಗದ ಜಾಗವನ್ನೂ ಶೀಟ್‌ನಲ್ಲಿ ಸೊನ್ನೆ ಅಂತ ಬರೀರಿ, ಖಾಲಿ ಬಿಡಬೇಡಿ. ಯಾವುದನ್ನೂ ಮನೆಯ ಟ್ಯಾಂಕಿಗೆ ಒಯ್ಯೋ ಹಾಗಿಲ್ಲ. ವಾಪಸ್ ಹೋದಮೇಲೆ ಬಲೆ, ಚಪ್ಪಲಿ ತೊಳೆದು ಪೂರ್ತಿ ಒಣಗಿಸಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ. ಟ್ರೇ ಇರೋರು ತನ್ನಿ, ನಮ್ಮ ಹತ್ತಿರ ಕಮ್ಮಿ ಇವೆ.